ನೋಡದ ಮುಖಗಳ ಪಟ್ಟಿ

ನಮ್ಮೂರಿನಲ್ಲಿ ನೀರು ಸೇದುವಾಗ ಯಾರೂ ಬಾವಿಯೊಳಗೆ ನೋಡುವುದಿಲ್ಲ. ಹಿತ್ತಲ ಗೋಡೆಯ ಕಡೆ ಮುಖ ಮಾಡಿ ನಿಂತು ಹಗ್ಗ ಬಿಡುತ್ತೇವೆ. ಹಗ್ಗಕ್ಕೆ ಎರಡು ಗಂಟು ಹಾಕಿರುತ್ತೇವೆ. ಮೊದಲನೆಯದು ಕೈಗೆ ಸಿಕ್ಕರೆ ಬಿಂದಿಗೆ ನೀರಿಗೆ ತಾಗಿದೆ, ಎರಡನೆಯದು ಸಿಕ್ಕರೆ ಮುಳುಗಿದೆ. ಹೊರಗಿನಿಂದ ಬಂದ ಸೊಸೆಯರಿಗೆ ಇದು ರೂಢಿಯಾಗಲು ಒಂದು ತಿಂಗಳು ಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ತುಂಗಮ್ಮನವರು ನನ್ನ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿ, ಅಲ್ಲೊಂದು ಬಿರುಕಿದೆ ನೋಡು, ಅದನ್ನೇ ನೋಡುತ್ತಾ ಸೇದು ಎಂದು ಹೇಳಿಕೊಟ್ಟಿದ್ದರು.

ನಮ್ಮ ಬಾವಿಗಳಲ್ಲಿ ಕಾಣುವುದು ನೋಡುವವರ ಮುಖವಲ್ಲ, ಅವರಿಗಿಂತ ಹಿಂದೆ ಕೊನೆಯದಾಗಿ ನೋಡಿದವರ ಮುಖ. ಬಗ್ಗಿ ನೋಡಿದರೆ ಆ ಮುಖ ಒಂದಿಷ್ಟು ಹೊತ್ತು ಕಾಣುತ್ತದೆ. ಫೋಟೋದ ಹಾಗಲ್ಲ, ಕಣ್ಣು ಮಿಟುಕಿಸುತ್ತದೆ, ಉಸಿರಾಡುತ್ತದೆ. ಆಮೇಲೆ ಹೋಗಿಬಿಡುತ್ತದೆ. ನೀರು ಬರಿಯ ಕಪ್ಪು ನೀರಾಗುತ್ತದೆ, ನೋಡಿದವರ ಮುಖ ಒಳಗೆ ಉಳಿಯುತ್ತದೆ, ಮುಂದೆ ನೋಡುವವರಿಗಾಗಿ. ಬಿಂದಿಗೆ ಇಳಿದರೆ, ಮಳೆ ಹೊಯ್ದರೆ ಏನೂ ಆಗುವುದಿಲ್ಲ. ನೋಡಿದರೆ ಮಾತ್ರ ಅಳಿಯುತ್ತದೆ. ಹಾಗಾಗಿ ಬಾವಿಯಲ್ಲಿ ಮುಖ ಬಿಟ್ಟು ಯಾರಾದರೂ ತೀರಿಕೊಂಡರೆ ಮನೆಯವರು ಅದನ್ನು ನೋಡದೆ ಕಾಪಾಡುತ್ತಾರೆ. ಸತ್ತವರಿಗೆ ತೀರ ಹತ್ತಿರದವರೊಬ್ಬರು ತಮ್ಮ ಕೊನೆಗಾಲಕ್ಕೆ ಆ ನೋಟವನ್ನು ಉಳಿಸಿಟ್ಟುಕೊಳ್ಳುತ್ತಾರೆ. ಇನ್ನು ಏಳಲಾರೆ ಅನ್ನಿಸಿದ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಾವಿಕಟ್ಟೆಗೆ ಎತ್ತಿಕೊಂಡು ಹೋಗುತ್ತಾರೆ. ಉಳಿದವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕುರ್ಚಿಯಲ್ಲಿದ್ದವರು ನೋಡುತ್ತಾರೆ. ಒಬ್ಬರು, ಒಂದೇ ಸಲ.

ಇದರಲ್ಲಿ ನಗೆಪಾಟಲೂ ಆಗುತ್ತದೆ. ಮೇಲಿನ ಬೀದಿಯ ಪಟೇಲರ ಮನೆಯವರು ಇಪ್ಪತ್ತು ವರ್ಷ ತಾತನ ಮುಖ ಕಾಪಾಡಿಕೊಂಡು ಬಂದು, ಒಂದು ದಿನ ಮುಚ್ಚಳ ಹಾಕಲು ಮರೆತು, ಮಂಗವೊಂದು ಕಟ್ಟೆಯ ಮೇಲೆ ಕೂತು ಇಣುಕುವುದನ್ನು ಕಣ್ಣಾರೆ ಕಂಡರು. ಅವರ ಅಜ್ಜಿಗೆ ಯಾರೂ ಹೇಳಲಿಲ್ಲ. ಕೊನೆಗಾಲದಲ್ಲಿ ಅಜ್ಜಿ ನೋಡಿ ಬಂದು, "ಹಾಗೇ ಇದಾರೆ, ಸ್ವಲ್ಪ ಸೊರಗಿದಾರೆ" ಎಂದರಂತೆ. ಆ ಮನೆಯವರನ್ನು ರೇಗಿಸಬೇಕೆಂದರೆ ಇವತ್ತಿಗೂ ಅಷ್ಟು ಸಾಕು.

ನಮ್ಮ ಬಾವಿಯಲ್ಲಿದ್ದದ್ದು ನನ್ನ ಗಂಡ ಮುಕುಂದನ ಮುಖ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಿಂದಿಗೆ ಹಗ್ಗದಿಂದ ಜಾರಿ ಬಾವಿಗೆ ಬಿತ್ತು. ಪಾತಾಳಗರಡಿ ಇಳಿಬಿಟ್ಟು ತಡಕಾಡಿ ತೆಗೆಯುವಷ್ಟು ವ್ಯವಧಾನವಿಲ್ಲದೆ ಅವನು ಒಳಗೆ ನೋಡಿಬಿಟ್ಟ. ಆಮೇಲೆ ನದಿಯಾಚೆಯ ಊರಿಗೆ ಹೊರಟವನು ದೋಣಿ ಮಗುಚಿ ಸತ್ತ. ಹೆಣ ಸಿಗಲಿಲ್ಲ. ನಾನು ಆ ದಿನ ಬೆಳಗಿನ ಜಾವದ ಬಸ್ಸಿಗೆ ಇಲಾಖೆಯ ಪರೀಕ್ಷೆ ಬರೆಯಲು ಹೋಗಿದ್ದೆ. ಅವನಿನ್ನೂ ಮಲಗಿದ್ದ, ಎಬ್ಬಿಸಲಿಲ್ಲ. ಬಿಂದಿಗೆಯ ವಿಷಯವನ್ನು ಅತ್ತೆಯೇ ನನಗೆ ಆಮೇಲೆ ಹೇಳಿದ್ದು.

ಮನೆಯಲ್ಲಿ ಉಳಿದವರು ನಾವು ಮೂವರು, ಆರು ವರ್ಷದ ಹಿಂದೆ ಮಾವನವರು ಹೋದ ಮೇಲೆ ಇಬ್ಬರು. ಮುಖ ಒಂದು, ಹೆಂಗಸರು ಇಬ್ಬರು. ಹೆತ್ತವಳಿಗೆ ಸೇರಬೇಕೆಂದು ಬೀದಿಯಲ್ಲಿ ಕೆಲವರು, ಕಟ್ಟಿಕೊಂಡವಳಿಗೆ ಎಂದು ಕೆಲವರು. ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಆದರೆ ಅತ್ತೆ ಹಿತ್ತಲಿಗೆ ಹೋಗಿ ಸ್ವಲ್ಪ ತಡವಾದರೆ ನಾನು ಏನಾದರೂ ನೆಪ ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನಾನು ತಡ ಮಾಡಿದರೆ ಅವರು ಒಳಗಿನಿಂದ "ನಿರುಪಮಾ, ಒಲೆ ಮೇಲೆ ಏನಿಟ್ಟಿದೀಯ" ಎಂದು ಕೂಗುತ್ತಿದ್ದರು. ಒಲೆಯ ಮೇಲೆ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಒಂಬತ್ತು ವರ್ಷ ನಾವು ಒಬ್ಬರನ್ನೊಬ್ಬರು ಕಾದೆವು. ಹೊರಗಿನವರು ಅತ್ತೆ-ಸೊಸೆ ಎಷ್ಟು ಅನ್ಯೋನ್ಯ, ಒಬ್ಬರನ್ನು ಬಿಟ್ಟು ಒಬ್ಬರು ಇರುವುದೇ ಇಲ್ಲ ಎನ್ನುತ್ತಿದ್ದರು.

ಅಖಿಲ ದೇಶ ಪ್ರವಾಸೋದ್ಯಮಿಗಳ ಮಹಾಒಕ್ಕೂಟದವರು ಬಂದಾಗ ನಾನು ಪುರಸಭೆಯಲ್ಲಿ ಗುಮಾಸ್ತೆ. ಪದವಿ ಓದಿದವಳು, ಪತ್ರ ಬರೆಯುವುದರಲ್ಲಿ ಗಟ್ಟಿಗಿತ್ತಿ ಎಂದು ಹೆಸರಿತ್ತು. ಒಂದು ಸಾಲು ಬರೆಯಲು ನಾಲ್ಕು ಸಾಲು ಹೊಡೆದುಹಾಕುವವಳು ನಾನು. ಯಾವ ಪದ ಎಲ್ಲಿ ಯಾರನ್ನು ಚುಚ್ಚೀತೋ ಎಂಬ ಹೆದರಿಕೆ ಮೊದಲಿನಿಂದಲೂ ಇದೆ. ಒಕ್ಕೂಟದ ಪರವಾಗಿ ಬಂದವರ ಹೆಸರು ಸುಧನ್ವ. ಒಳ್ಳೆಯ ಮಾತಿನ ಮನುಷ್ಯ. ಮೊದಲ ಸಲ ಬಂದಾಗ ಜವಾನನಿಗೂ ಕೈಮುಗಿದರು, ಯಾರ ಬಾವಿಯ ಹತ್ತಿರವೂ ಹೋಗಲಿಲ್ಲ. ನಮ್ಮ ಕಚೇರಿಯಲ್ಲಿ ಕೂತು ಚಹಾ ಕುಡಿದು, ನಿಮ್ಮೂರಿನ ಸಂಯಮದಿಂದ ದೇಶ ಕಲಿಯಬೇಕು ಎಂದರು. ಆರು ತಿಂಗಳು ಕಳೆಯುವುದರೊಳಗೆ ನಮ್ಮ ಊರಿಗೆ ಒಂದು ಪ್ರಶಸ್ತಿ ಬಂತು. ಯಾವುದಕ್ಕೆ ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ಆದರೆ ಅಧ್ಯಕ್ಷರು ಅದನ್ನು ಹಿಡಿದುಕೊಂಡ ಫೋಟೋ ಪುರಸಭೆಯ ಗೋಡೆಗೆ ಬಂತು.

ಅದಾದ ಮೇಲೆ ಸದಸ್ಯರನ್ನೆಲ್ಲ ರಾಜಧಾನಿಗೆ ಎರಡು ದಿನದ ಕಾರ್ಯಾಗಾರಕ್ಕೆ ಕರೆದುಕೊಂಡು ಹೋದರು. ಸಭೆಯಲ್ಲಿ "ಆಯ್ತು" ಎಂಬುದನ್ನು ಬಿಟ್ಟು ಬೇರೆ ಮಾತಾಡದ ಮೂರನೆಯ ವಾರ್ಡಿನ ಸದಸ್ಯರು ವಾಪಸು ಬಂದ ಮೇಲೆ "ಪಾಲುದಾರರು", "ಸಾಮರ್ಥ್ಯವರ್ಧನೆ" ಎನ್ನತೊಡಗಿದರು. ಒಕ್ಕೂಟದವರು ಒಂದು ಅಧ್ಯಯನ ಮಾಡಿಸಿದರು, ಅದನ್ನು ಮಂತ್ರಿಗಳ ಕೈಯಿಂದ ಬಿಡುಗಡೆ ಮಾಡಿಸಿದರು, ಅದರ ಶಿಫಾರಸುಗಳನ್ನು ಪರಿಶೀಲಿಸಲು ಸರ್ಕಾರ ಒಂದು ಸಮಿತಿ ಮಾಡಿತು. ಸಮಿತಿಯ ಐವರಲ್ಲಿ ಮೂವರು ಆ ಅಧ್ಯಯನ ಬರೆದವರೇ. ಇದೆಲ್ಲ ಕಡತದಲ್ಲಿ ನನ್ನ ಕಣ್ಣೆದುರಿಗೇ ಹಾದುಹೋಯಿತು. ಎಲ್ಲೂ ಯಾರೂ ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ, ಹೆದರಿಸಿರಲಿಲ್ಲ. ನಾನು ಒಂದು ದಿನ ಧೈರ್ಯ ಮಾಡಿ, ಸರ್ಕಾರಕ್ಕೆ ನೀವೇ ಎಲ್ಲ ಹೇಳಿಕೊಡುತ್ತಿದ್ದೀರಲ್ಲ ಎಂದು ಸುಧನ್ವ ಅವರನ್ನು ಕೇಳಿದೆ. ಅವರು ನಕ್ಕರು. "ನಾವು ಸರ್ಕಾರಕ್ಕೆ ಏನೂ ಹೇಳಲ್ಲ ಮೇಡಂ. ಅವರಿಗೆ ಏನೋ ಹೇಳಬೇಕು ಅಂತ ಇರುತ್ತೆ, ಪದ ಸಿಗಲ್ಲ. ನಾವು ಪದ ಹುಡುಕಿ ಕೊಡ್ತೀವಿ. ನಿಮ್ಮ ಕೆಲಸಾನೇ."

ಕರಡು ನೀತಿ ಪತ್ರಿಕೆಯಲ್ಲಿ ಬಂದಾಗ ಊರಿಗೆ ಎಚ್ಚರವಾಯಿತು. ಊರಿನ ಬಾವಿಗಳನ್ನು ನೋಂದಾಯಿಸಿ, ಹೊರಗಿನ ಪ್ರವಾಸಿಗಳಿಗೆ ಸರದಿಯ ಮೇಲೆ ನೋಡಲು ಅವಕಾಶ ಕೊಡುವುದು ಅದರ ಸಾರಾಂಶ. ಆಕ್ಷೇಪಣೆಗೆ ಮೂವತ್ತು ದಿನ. ಶಾಲೆಯ ಹಜಾರದಲ್ಲಿ ಸಭೆ ಸೇರಿತು. ಬೈಗುಳ ಬೇಕಾದಷ್ಟಾಯಿತು, ಆದರೆ ಬೈಗುಳವನ್ನು ಅರ್ಜಿಯಾಗಿ ಬರೆಯುವವರು ಬೇಕಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಪುರಸಭೆಯ ಕೆಲಸದವಳು ಹೀಗೆ ಬರೆಯಬಹುದೋ ಇಲ್ಲವೋ ಎಂದು ನಾನು ಅಳುಕಿದೆ. ಪಕ್ಕದ ಮನೆಯ ಚೆನ್ನಕ್ಕ ಎದ್ದು ನಿಂತು, "ಅವಳ ಹೆಸರು ಹಾಕೋದು ಬೇಡ, ನಮ್ಮ ಹೆಬ್ಬೆಟ್ಟು ಹಾಕ್ತೀವಿ. ಅಕ್ಷರ ಮಾತ್ರ ಅವಳದ್ದು" ಎಂದಳು.

ನಾನು ಮಾಡಿದ ತಪ್ಪು ಅಲ್ಲಿಂದ ಶುರುವಾಯಿತು. ನೋಡಬೇಡಿ ಎಂದು ಬರಿದೇ ಬರೆದರೆ ಯಾರು ಕೇಳುತ್ತಾರೆ, ಏನನ್ನು ಕಳೆಯುತ್ತಿದ್ದೇವೆಂದು ಅವರಿಗೆ ಗೊತ್ತಾಗಬೇಕು ಅನ್ನಿಸಿತು. ಮನೆಮನೆಗೆ ಹೋದೆ. ಯಾರ ಮುಖ, ಯಾವಾಗಿನಿಂದ ಇದೆ, ಯಾರು ಕಾಯುತ್ತಿದ್ದಾರೆ ಎಂದು ಕೇಳಿ ಬರೆದುಕೊಂಡೆ. ನಮ್ಮವರು ಮನೆಯ ಬಾವಿಯ ಮುಖದ ವಿಷಯವನ್ನು ಬೀಗರ ಹತ್ತಿರವೂ ಬಿಚ್ಚಿ ಹೇಳುವುದಿಲ್ಲ. ನನಗೆ ಹೇಳಿದರು. ಚೆನ್ನಕ್ಕನ ಬಾವಿಯಲ್ಲಿ ಅವಳ ತಾಯಿ. ಚೆನ್ನಕ್ಕನನ್ನು ಹೆತ್ತ ದಿನವೇ ತೀರಿಕೊಂಡವಳು. ಫೋಟೋ ಇಲ್ಲ. ಐವತ್ತೆಂಟು ವರ್ಷದಿಂದ ಚೆನ್ನಕ್ಕ ತನ್ನ ತಾಯಿಯನ್ನು ನೋಡದೆ ಕಾಯುತ್ತಿದ್ದಳು. ಬಾವಿಕಟ್ಟೆಯ ಮೇಲೆ ಕೂತು ಅದನ್ನು ಹೇಳುವಾಗ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಒಳಗಿರುವವಳಿಗೆ ಕೇಳಿಸಬಾರದೆನ್ನುವ ಹಾಗೆ. ನಾನು ಅದನ್ನೂ ಬರೆದೆ.

ನಲವತ್ತಮೂರು ಬಾವಿಗಳಾದವು. ಅತ್ತೆ ಮಾತ್ರ ನಮ್ಮದನ್ನು ಸೇರಿಸಬೇಡ ಎಂದರು. ಊರವರ ಹೊಟ್ಟೆಯೊಳಗಿನದ್ದನ್ನೆಲ್ಲ ಬರೆದು ನನ್ನದನ್ನು ಮುಚ್ಚಿಟ್ಟುಕೊಂಡರೆ ಅದು ಯಾವ ನ್ಯಾಯ ಎಂದೆ. "ನಿನ್ನ ನ್ಯಾಯ ನಿನ್ನ ಹತ್ರ ಇರ್ಲಿ. ನಮ್ಮ ಬಾವಿ ಬೇಡ ಅಂದೆ, ಬೇಡ" ಎಂದು ಎದ್ದು ಹೋದರು. ಎರಡು ದಿನ ನನ್ನ ಕೈಯ ಊಟ ಮಾಡಲಿಲ್ಲ. ಮಗನ ವಿಷಯ ಕಾಗದದಲ್ಲಿ ಬರುವುದು ಅವರಿಗೆ ಸಂಕಟ ಎಂದು ತಿಳಿದೆ. ಆದರೂ ಬರೆದೆ, ಒಂದನೆಯ ಸಂಖ್ಯೆಗೇ ಬರೆದೆ. ಮುಕುಂದ, ವಯಸ್ಸು ಮೂವತ್ತಮೂರು, ಬಿದ್ದ ಬಿಂದಿಗೆ ಹುಡುಕಲು ನೋಡಿದಾಗಿನ ಮುಖ, ಕಾಯುತ್ತಿರುವವರು ತಾಯಿ ಮತ್ತು ಹೆಂಡತಿ. ಆ "ಮತ್ತು" ಬರೆಯುವಾಗ ಪೆನ್ನು ಸ್ವಲ್ಪ ನಿಂತಿತ್ತು.

ಮನವಿ ಚೆನ್ನಾಗಿತ್ತು. ಹಜಾರದಲ್ಲಿ ಓದಿದಾಗ ಗಂಡಸರೂ ಕಣ್ಣೊರೆಸಿಕೊಂಡರು. ರಾಜಧಾನಿಯಲ್ಲಿ ವಿಚಾರಣೆ ನಡೆದ ದಿನ ನಮ್ಮ ಪರವಾಗಿ ನಾಲ್ಕು ಜನ ಹೋಗಿದ್ದರು. ಅದನ್ನು ಓದಿ ಮುಗಿಸಿದ ಮೇಲೆ ಸಮಿತಿಯವರು ಅದರ ಪ್ರತಿಯನ್ನು ಕೇಳಿ ಪಡೆದರಂತೆ. ಸುಧನ್ವ ಎದ್ದುನಿಂತು, ಇಂಥ ಬರಹವನ್ನು ಕಡತದಲ್ಲಿ ಹೂತುಹಾಕಬಾರದು, ನೀತಿಯ ಭಾಗವಾಗಬೇಕು ಎಂದು ಕೇಳಿಕೊಂಡರಂತೆ. ನಮ್ಮವರು ಚಪ್ಪಾಳೆ ತಟ್ಟಿದರು. ಗೆದ್ದೆವು ಎಂದುಕೊಂಡು ಬಂದು ಬಸ್ ನಿಲ್ದಾಣದಲ್ಲೇ ಸಿಹಿ ಹಂಚಿದರು.

ಅಂತಿಮ ನೀತಿ ಬಂದಾಗ ನನ್ನ ಪಟ್ಟಿ ಅದರಲ್ಲಿ ಎರಡನೆಯ ಅನುಬಂಧವಾಗಿತ್ತು. ಒಂದು ಅಕ್ಷರ ಬದಲಾಗಿರಲಿಲ್ಲ. ಊರಿನಲ್ಲಿ ಎಷ್ಟು ಮುಖಗಳಿವೆ, ಯಾವ ಮನೆಯಲ್ಲಿವೆ, ಯಾವುದು ಎಷ್ಟು ಹಳೆಯದು ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಧ್ಯಯನ ಮಾಡಿದವರಿಗೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ನೋಡದ ಮುಖ ಬಳಕೆಯಾಗದ ಸಂಪನ್ಮೂಲ ಎಂದು ಒಂದು ಕಲಮು. ಪಟ್ಟಿಯಲ್ಲಿರುವ ಬಾವಿಯನ್ನು ಮನೆಯವರು ಅನುಮತಿಯಿಲ್ಲದೆ ನೋಡಿದರೆ ಅದು ಸಾರ್ವಜನಿಕ ಆಸ್ತಿಗೆ ಮಾಡಿದ ಹಾನಿ ಎಂದು ಇನ್ನೊಂದು. ಕೊನೆಯಲ್ಲಿ, ಊರಿನ ಜನತೆಯ ಸಹಕಾರಕ್ಕೆ ಕೃತಜ್ಞತೆ ಎಂದಿತ್ತು. ನಾನು ಹಾಕದಿದ್ದ ನನ್ನ ಹೆಸರನ್ನು ಯಾರೋ ಹುಡುಕಿ ತೆಗೆದು, ಸಂಗ್ರಹಕಾರರು ಎಂದು ಅಲ್ಲಿ ಹಾಕಿದ್ದರು.

ಆಮೇಲೆ ನನಗೆ ಊರಿನಲ್ಲಿ ಪಟ್ಟಿ ಮೇಡಂ ಎಂದು ಹೆಸರಾಯಿತು. ದಿನಸಿ ಅಂಗಡಿಯಲ್ಲಿ ಸಾಮಾನು ಹೇಳುತ್ತಿದ್ದರೆ ಪಕ್ಕದಲ್ಲಿದ್ದವರು, "ಬರೆದೇ ಕೊಡಿ ಮೇಡಂ, ನಿಮ್ಮ ಪಟ್ಟಿ ತಪ್ಪೋದೇ ಇಲ್ಲ" ಎಂದರು. ನಾನು ಸಾಮಾನು ಚೀಲಕ್ಕೆ ತುಂಬಿಕೊಂಡು ಬಂದೆ.

ಜನ ಮಾತ್ರ ಬೇಗ ಹೊಂದಿಕೊಂಡರು. ಅದನ್ನು ನೋಡುವುದೇ ನನಗೆ ಹೆಚ್ಚು ಕಷ್ಟವಾಯಿತು. ಪಟ್ಟಿಯ ಮನೆಗಳಿಗೆ ತಿಂಗಳಿಗಿಷ್ಟೆಂದು ಹಣ ಗೊತ್ತಾಯಿತು, ಬಾವಿಗೆ ಬಣ್ಣ ಬಂತು, ಕಟ್ಟೆಗೆ ಮೆಟ್ಟಿಲು ಬಂತು. ಪಟ್ಟಿಯಲ್ಲಿ ತಮ್ಮ ಬಾವಿ ಇಲ್ಲವೆಂದು ಕೆಳಗಿನ ಬೀದಿಯವರು ಪುರಸಭೆಗೆ ಬಂದು ನನ್ನ ಮೇಲೆಯೇ ದೂರು ಕೊಟ್ಟರು, ಬೇಕೆಂದೇ ಬಿಟ್ಟಿದ್ದಾಳೆಂದು. ದರ್ಜಿಯವರ ಮನೆಯಲ್ಲಿ ಮುಖವೇ ಇರಲಿಲ್ಲ. ಅವರು ಮದುವೆಗೆ ಬಂದಿದ್ದ ಚೆಂದದ ಹುಡುಗಿಯೊಬ್ಬಳನ್ನು ಕರೆತಂದು ಬಾವಿ ನೋಡಿಸಿ, ನೂರು ವರ್ಷದ ಹಿಂದಿನ ಸೊಸೆ ಎಂದು ಅರ್ಜಿ ಹಾಕಿದರು. ಹುಡುಗಿ ಕನ್ನಡಕ ತೆಗೆಯುವುದನ್ನು ಮರೆತಿದ್ದಳು. ಆ ಪ್ರಕರಣ ಹೊರಬಿದ್ದದ್ದೇ ತಡ, ಒಕ್ಕೂಟ ಸರ್ಕಾರಕ್ಕೆ ಇನ್ನೊಂದು ಪತ್ರ ಬರೆದು ಅಸಲಿ ಮುಖದ ನಿಯಮ ಎಂದೊಂದನ್ನು ತರಿಸಿತು.

ಒಂದೇ ಒಂದು ರಿಯಾಯಿತಿ ಇತ್ತು. ಪ್ರತಿ ಮನೆಯೂ ಒಬ್ಬರ ಹೆಸರು ಬರೆದು ಅರ್ಜಿ ಕೊಟ್ಟರೆ, ಬಾವಿಯನ್ನು ಪ್ರವಾಸಿಗಳಿಗೆ ತೆರೆಯುವ ಮೊದಲು ಆ ಒಬ್ಬರು ಅಧಿಕಾರಿಯ ಸಮಕ್ಷಮ ನೋಡಬಹುದು. ಆದರೆ ಹಾಗೆ ನೋಡಿದ ಬಾವಿ ಪಟ್ಟಿಯಿಂದ ಹೋಗುತ್ತದೆ, ಅದರ ಜೊತೆಗೆ ಪಟ್ಟಿಯ ಮನೆಗಳಿಗೆ ಸಿಗುವ ಸವಲತ್ತೂ ಹೋಗುತ್ತದೆ. ಆ ಸವಲತ್ತಿಗಾಗಿ ಮೂವತ್ತೊಂದು ಮನೆಯವರು ಅರ್ಜಿ ಹಾಕಲಿಲ್ಲ. ಚೆನ್ನಕ್ಕ ಮೊದಲ ದಿನವೇ ಹಾಕಿದಳು. ಕುರ್ಚಿಯ ಕಾಲ ಅವಳಿಗಿನ್ನೂ ಬಂದಿರಲಿಲ್ಲ, ಗಟ್ಟಿಮುಟ್ಟಾಗಿ ನಡೆದುಕೊಂಡೇ ಹೋಗಿ ನೋಡಿದಳು. ಅಧಿಕಾರಿಯ ಜೊತೆ ನಾನೂ ಹೋಗಬೇಕಾಗಿತ್ತು, ರಿಜಿಸ್ಟರು ಹಿಡಿದುಕೊಂಡು. ಬಹಳ ಹೊತ್ತಾದ ಮೇಲೆ ಅವಳು ಕಟ್ಟೆಯಿಂದ ಇಳಿದು ನನ್ನ ಮುಂದೆ ಬಂದು ನಿಂತಳು. "ಹದಿನೆಂಟೋ ಹತ್ತೊಂಬತ್ತೋ. ನನ್ನ ಮೊಮ್ಮಗಳ ಹಾಗಿದಾಳೆ. ಅವ್ವ ಅಂತ ಕರಿಯೋಕೆ ಬಾಯೇ ಬರ್ಲಿಲ್ಲ ಕಣೇ. ಸಾಯೋ ಹೊತ್ತಲ್ಲಾಗಿದ್ರೆ ಬರ್ತಿತ್ತೋ ಏನೋ" ಎಂದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ನಮ್ಮ ಅರ್ಜಿಯ ನಮೂನೆ ದೇವರ ಗೂಡಿನ ಪಕ್ಕದಲ್ಲಿ ಇಪ್ಪತ್ತು ದಿನ ಇತ್ತು. ಹೆಸರು ಎಂಬ ಜಾಗದಲ್ಲಿ ಒಂದೇ ಗೆರೆ. ಒಳ್ಳೆಯ ಸೊಸೆಯಾಗಿದ್ದರೆ ಅತ್ತೆಯ ಹೆಸರು ಬರೆಯುತ್ತಿದ್ದೆ. ಮೂರು ಸಲ ಪೆನ್ನು ತೆಗೆದುಕೊಂಡೆ. ಒಂದು ಸಲ ತ ಎಂಬ ಅಕ್ಷರದ ತಲೆಯಷ್ಟು ಬರೆದು ನಿಲ್ಲಿಸಿದೆ. ಅವರು ಅವನನ್ನು ಮೂವತ್ತಮೂರು ವರ್ಷ ನೋಡಿದ್ದಾರೆ, ನಾನು ಐದೇ ವರ್ಷ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಕೊನೆಯ ದಿನಕ್ಕೆ ಎರಡು ದಿನವಿದ್ದಾಗ ಬಾಯಿ ಬಿಟ್ಟು ಕೇಳಿದೆ, ಏನು ಮಾಡೋಣ ಅತ್ತೆ ಎಂದು. ಅವರು ಹುಣಸೆಹಣ್ಣು ಕಿವುಚುತ್ತಿದ್ದರು. ತಲೆ ಎತ್ತಲಿಲ್ಲ. "ಯಾರ ಹೆಸರೂ ಬರೀಬೇಡ. ಬಂದವರು ನೋಡ್ಕೊಂಡು ಹೋಗ್ಲಿ" ಎಂದರು. ನನಗೆ ಸಿಗದಿದ್ದರೆ ನಿನಗೂ ಬೇಡ ಎನ್ನುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ. ಅವರನ್ನು ಅಷ್ಟು ದ್ವೇಷಿಸಿದ ದಿನ ಇನ್ನೊಂದಿಲ್ಲ. ಕೊನೆಯ ದಿನ ಹಾಗೆಯೇ ಕಳೆಯಿತು.

ಪಟ್ಟಿಯ ಒಂದನೆಯ ಬಾವಿಯಿಂದಲೇ ಉದ್ಘಾಟನೆ ಎಂದು ಗೊತ್ತಾಯಿತು. ಚೀಟಿ ಎತ್ತಿ ಒಬ್ಬ ಪ್ರವಾಸಿಯನ್ನು ಆರಿಸಿದ್ದರು. ಅವರು ಬರುವ ಹಿಂದಿನ ದಿನ ಅತ್ತೆ ಮೊಣಕಾಲಿನ ಎಣ್ಣೆ ತರಲು ಪಂಡಿತರ ಮನೆಗೆ ಹೋದರು. ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋದದ್ದು ಎಷ್ಟು ಸಲವೆಂದು ಬೆರಳಿನಲ್ಲಿ ಎಣಿಸಬಹುದು. ಸರಿಯಾಗಿ ಮಧ್ಯಾಹ್ನ. ಬಿಸಿಲು ನೇರವಾಗಿ ಬಾವಿಗೆ ಬೀಳುವ ಹೊತ್ತು. ನಾನು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಮುಚ್ಚಳ ಸರಿಸಿ, ಕಟ್ಟೆ ಹಿಡಿದು ಬಗ್ಗಿದೆ. ತಲೆ ಬಾಚಿಕೊಂಡು ಹೋಗಿದ್ದೆ. ಅವನಿಗೆ ನಾನು ಕಾಣುವುದಿಲ್ಲವೆಂದು ಗೊತ್ತಿದ್ದೂ.

ನೀರಿನಲ್ಲಿ ಅತ್ತೆ ಇದ್ದರು. ಕಪ್ಪು ಕೂದಲು, ಬಿಗಿಯಾದ ಗಂಟು, ಹಣೆಯಲ್ಲಿ ಕಾಸಿನಗಲದ ಕುಂಕುಮ. ಮಾವ ಹೋದ ಆರು ವರ್ಷದಿಂದ ಅವರ ಹಣೆಯಲ್ಲಿ ಕುಂಕುಮವಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದರೋ ತಿಳಿಯಲಿಲ್ಲ, ಬಾವಿಗಳಿಗೆ ಧ್ವನಿ ಇಲ್ಲ. ಸ್ವಲ್ಪ ಹೊತ್ತಿಗೆ ಅವರೂ ಹೋದರು. ಕಪ್ಪು ನೀರನ್ನು ನಾನು ಎಷ್ಟು ಹೊತ್ತು ನೋಡಿದೆನೋ. ಅವನು ಎಂದೋ ಹೋಗಿದ್ದ. ಅವನನ್ನು ಅಳಿಸಿ ಅಲ್ಲಿ ಕೂತವರು, ನನ್ನ ಗಲ್ಲವನ್ನು ಗೋಡೆಗೆ ತಿರುಗಿಸಿದವರು, ಅಷ್ಟು ವರ್ಷ ನನ್ನನ್ನು ಖಾಲಿ ಬಾವಿಗೆ ಕಾವಲು ಹಾಕಿದ್ದರು. ಖಾಲಿ ಬಾವಿಯನ್ನು ಉಳಿಸಿಕೊಳ್ಳಲು ನಾನು ಊರಿನ ತುಂಬಿದ ಬಾವಿಗಳನ್ನೆಲ್ಲ ಬರೆದು ಕೊಟ್ಟಿದ್ದೆ.

ಅತ್ತೆ ಬಂದಾಗ ಊಟಕ್ಕೆ ಬಡಿಸಿದೆ. ಏನೂ ಕೇಳಲಿಲ್ಲ. ಅವರು ನೋಡಿದ್ದನ್ನು ಕೇಳಬೇಕಾದರೆ ನಾನು ನೋಡಿದ್ದನ್ನು ಹೇಳಬೇಕು. ಸಾರಿಗೆ ಉಪ್ಪು ಕಡಿಮೆ ಎಂದರು. ಉಪ್ಪು ತಂದು ಹಾಕಿದೆ.

ಮರುದಿನ ಹತ್ತು ಗಂಟೆಗೆ ಸುಧನ್ವ, ಪುರಸಭೆಯ ಮುಖ್ಯಾಧಿಕಾರಿ, ಇನ್ನೂ ಹತ್ತಿಪ್ಪತ್ತು ಜನ ಬಂದರು. ಪ್ರವಾಸಿ ಎಂದರೆ ಯಾರೋ ಠೀವಿಯವರು ಎಂದುಕೊಂಡಿದ್ದೆ. ಬಂದವರು ನಿವೃತ್ತ ಮೇಷ್ಟರಂತೆ ಕಾಣುವ ಒಬ್ಬ ಬಡಕಲು ಮನುಷ್ಯ. ಅಂಗಳದಲ್ಲೇ ಚಪ್ಪಲಿ ಬಿಟ್ಟು, ಸಾವಿನ ಮನೆಗೆ ಬಂದವರಂತೆ ಸಂಕೋಚದಿಂದ ನಿಂತರು. ಒಕ್ಕೂಟದ ಹುಡುಗಿಯೊಬ್ಬಳು ನನ್ನ ಪಟ್ಟಿಯ ಒಂದನೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು. ಮುಖ ಎಂಬುದರ ಹಿಂದೆ ನಗುತ್ತಿರುವ ಎಂದು ಸೇರಿಸಿಕೊಂಡಿದ್ದರು. ಅತ್ತೆ ಕಂಬ ಹಿಡಿದುಕೊಂಡು ನಿಂತಿದ್ದರು. ನಾನು ಅವರ ಹಿಂದೆ ರಿಜಿಸ್ಟರು ಹಿಡಿದು ನಿಂತಿದ್ದೆ.

ಆ ಮನುಷ್ಯ ಬಗ್ಗಿದರು. ಬಹಳ ಹೊತ್ತು ನೋಡಿದರು. ಮೇಲೆದ್ದಾಗ ಮುಖ ಬಿಳಿಚಿಕೊಂಡಿತ್ತು. "ಗಂಡಸಲ್ಲ" ಎಂದರು. "ಒಬ್ರು ಹೆಂಗಸು. ಅಳ್ತಿದಾರೆ."

ನಾನು ಅತ್ತಿದ್ದೆನೆಂದು ನನಗೆ ಗೊತ್ತಾದದ್ದು ಆಗಲೇ.

ಯಾರೂ ಮಾತಾಡುವ ಮೊದಲು ಅತ್ತೆ ಕಂಬ ಬಿಟ್ಟು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಸುಧನ್ವ ಅವರ ಕಡೆಗಲ್ಲ, ಅಧಿಕಾರಿಯ ಕಡೆಗಲ್ಲ, ಹಿಂದಕ್ಕೆ ತಿರುಗಿ ನನ್ನ ಕಾಲಿನ ಕಡೆ ನೋಡುತ್ತಾ ಹೇಳಿದರು. "ಅದು ನಾನು ಕಣೇ. ದೋಣಿ ಸುದ್ದಿ ಬಂದ ಒಂಬತ್ತನೇ ದಿನ ನೋಡ್ಬಿಟ್ಟೆ. ಅವನು ಹೋದ ದಿನ ಬೆಳಿಗ್ಗೆ ಬಾವಿಲಿ ಅವನಜ್ಜಿ ಮುಖ ಇತ್ತಲ್ಲ, ಬಿಂದಿಗೆ ಹುಡುಕೋಕೆ ಹೋಗಿ ಅಳಿಸಿಬಿಟ್ಟ ಅಂತ ಬಾಯಿಗೆ ಬಂದಂಗೆ ಬೈದಿದ್ದೆ. ಹಾಳಾಗಿ ಹೋಗು ಅಂದಿದ್ದೆ. ಬೇಜಾರು ಮಾಡ್ಕೊಂಡು ಹೋದ್ನಾ ಅಂತ ತಿಳ್ಕೋಬೇಕಿತ್ತು. ಅಷ್ಟೇ. ನೋಡಿದ ಮೇಲೆ ಹೊಳೀತು, ನಾನು ಬೈಯೋಕೆ ಮುಂಚೇನೇ ಅವನು ನೋಡಿದ್ದು. ಬಿಂದಿಗೆ ಹುಡುಕೋ ಮುಖ. ಅದ್ರಲ್ಲಿ ಏನೂ ಇರ್ಲಿಲ್ಲ. ನಿಂಗೂ ಇಲ್ಲ, ನಂಗೂ ಇಲ್ಲ ಮಾಡ್ಬಿಟ್ಟೆ."

ಆ ಬಡಕಲು ಮನುಷ್ಯ ಅತ್ತೆಯ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕಣ್ಣು ಎತ್ತಿ, ಅವರ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. ನಾನು ಕಣ್ಣು ತಗ್ಗಿಸಲಿಲ್ಲ, ತಗ್ಗಿಸಲು ಆಗಲಿಲ್ಲ. ಅವರು ಬಾಯಿ ತೆರೆದು, ಮುಚ್ಚಿಕೊಂಡು, ಚಪ್ಪಲಿ ಹುಡುಕಲು ಹೊರಟರು.

ಸುಧನ್ವ ಗಲಿಬಿಲಿಗೊಂಡರೂ ಬೇಗ ಚೇತರಿಸಿಕೊಂಡರು. ಒಂಬತ್ತು ವರ್ಷದ ಹಿಂದೆ ನೀತಿಯೇ ಇರಲಿಲ್ಲ, ಆದ್ದರಿಂದ ಅಮ್ಮನವರ ಮೇಲೆ ಯಾವ ಕ್ರಮವೂ ಬರುವುದಿಲ್ಲ ಎಂದು ಅತ್ತೆಗೆ ಸಮಾಧಾನ ಹೇಳಿದರು, ನೀರು ತರಿಸಿ ಕೊಟ್ಟರು. ನೀತಿ ಬಂದ ಮೇಲೆ ನೋಡಿದವರಿಗೆ ಮಾತ್ರ ಶಿಕ್ಷೆ. ಸರ್ಕಾರಿ ನೌಕರರಾದರೆ ಕೆಲಸವೂ ಹೋಗುತ್ತದೆ. ಅದನ್ನು ಅವರು ಹೇಳಲಿಲ್ಲ, ನಾನೇ ಆ ಸುತ್ತೋಲೆಯನ್ನು ಬೆರಳಚ್ಚು ಮಾಡಿದ್ದೆ. ಹಾಗೆ ನೋಡಿದರೆ ಆ ಅಂಗಳದಲ್ಲಿದ್ದ ಅಪರಾಧಿ ನಾನೊಬ್ಬಳೇ. ಅವರು ನನ್ನ ಹತ್ತಿರ ಬಂದು ಮೆಲ್ಲಗೆ, ರಿಜಿಸ್ಟರಿನಲ್ಲಿ ಇದನ್ನು ಹೇಗೆ ಬರೆಯುವುದು, ಅಮ್ಮನವರಿಗೆ ನೋವಾಗದ ಹಾಗೆ ನೀವೇ ಬರೆಯಿರಿ, ನಿಮಗೆ ಪದ ಗೊತ್ತು ಎಂದರು. ನಾನು ಬರೆದೆ. ಒಂದನೆಯ ಬಾವಿ. ಕಂಡ ಮುಖ, ಹೆಂಗಸಿನದು. ಮನೆಯ ಹಿರಿಯರು ತಮ್ಮದೆಂದು ಒಪ್ಪಿರುತ್ತಾರೆ. ಒಂದೂ ಸುಳ್ಳಿಲ್ಲ. ಎಲ್ಲೂ ಹೊಡೆದುಹಾಕದೆ, ಒಂದೇ ಸಲಕ್ಕೆ ಬರೆದೆ.

ನಮ್ಮ ಮನೆಯ ಪ್ರಕರಣವನ್ನು ಮುಂದಿಟ್ಟುಕೊಂಡು ಒಕ್ಕೂಟ ಮತ್ತೊಂದು ಮನವಿ ಕೊಟ್ಟಿದೆಯಂತೆ, ಪಟ್ಟಿಯ ಪ್ರತಿ ಬಾವಿಗೂ ಹಗಲು ರಾತ್ರಿ ಕಾವಲು ಬೇಕೆಂದು. ಮನೆಯವರ ಮಾತನ್ನು ನಂಬಲಾಗದು ಎಂಬುದಕ್ಕೆ ಸಾಕ್ಷಿಯಾಗಿ ಅತ್ತೆಯ ಹೆಸರಿದೆ. ಸರ್ಕಾರ ಒಪ್ಪುತ್ತದೆ. ಒಪ್ಪದಿರಲು ಕಾರಣವಿಲ್ಲ.

ಅತ್ತೆ ಈಗ ನನಗಿಂತ ಮೊದಲು ಊಟಕ್ಕೆ ಕೂರುವುದಿಲ್ಲ. ನಾನು ಕಚೇರಿಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ, ಕೈಯಿಂದ ಚೀಲ ತೆಗೆದುಕೊಳ್ಳುತ್ತಾರೆ. ದಿನಕ್ಕೊಂದು ಸಲವಾದರೂ ತಪ್ಪಾಯ್ತು ಎನ್ನುತ್ತಾರೆ. ಇರಲಿ ಬಿಡಿ ಅತ್ತೆ ಎನ್ನುತ್ತೇನೆ. ಊರಿನವರೂ ನನ್ನನ್ನು ಪಟ್ಟಿ ಮೇಡಂ ಎನ್ನುವುದನ್ನು ನಿಲ್ಲಿಸಿದ್ದಾರೆ. ಪಾಪ, ಅತ್ತೆಯೇ ಮೋಸ ಮಾಡಿದಳಂತೆ ಎನ್ನುತ್ತಾರೆ.

ಮೊನ್ನೆ ಬಟ್ಟೆ ಒಣಹಾಕುತ್ತಿದ್ದಾಗ ಅವರು ಹಗ್ಗದ ಆ ತುದಿಯಲ್ಲಿ ನಿಂತು, ಒದ್ದೆ ಸೀರೆಯ ಒಂದು ಅಂಚು ಹಿಡಿದುಕೊಂಡು ಕೇಳಿದರು.

"ಇಷ್ಟು ವರ್ಷದಲ್ಲಿ ನಿಂಗೆ ಒಂದ್ಸಲಾನೂ ನೋಡ್ಬೇಕು ಅನ್ನಿಸ್ಲಿಲ್ವೇನೇ?"

"ಇಲ್ಲ ಅತ್ತೆ" ಎಂದೆ. "ಅದು ನಿಮ್ಮದು ಅಂತ ಬಿಟ್ಟಿದ್ದೆ."

ಅವರು ಸೀರೆಯಲ್ಲಿ ಮುಖ ಮುಚ್ಚಿಕೊಂಡರು. ನಾನು ನನ್ನ ಕಡೆಯ ಅಂಚನ್ನು ಎಳೆದು, ಸುಕ್ಕು ಹೋಗುವ ಹಾಗೆ ಸರಿಮಾಡಿದೆ.